ತಟ್ಟೆಯ ಗುಳಿಯಲ್ಲಿ ಹಿಡಿಸದ ಮುದ್ದೆ

ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಪಾರ್ಕಿನ ಗೇಟಿನಲ್ಲಿ ಒಬ್ಬ ಹುಡುಗಿ ಮಿರಮಿರ ಮಿಂಚುವ ಪೊಟ್ಟಣವೊಂದನ್ನು ಪುಕ್ಕಟೆಯಾಗಿ ಕೈಗಿಟ್ಟಳು. "ರಾಗಿ ಎನರ್ಜಿ ಬಾರ್ ಅಂಕಲ್, ಟ್ರೈ ಮಾಡಿ." ತಿಂದದ್ದನ್ನು ಕರಗಿಸಲೆಂದೇ ಡಾಕ್ಟರ ಮಾತು ಕೇಳಿ ಪಾರ್ಕು ಸುತ್ತುವ ಪ್ರಾಣಿ ನಾನು. ಇನ್ನಷ್ಟು ಎನರ್ಜಿ ಕೊಟ್ಟರೆ ಇಟ್ಟುಕೊಳ್ಳಲು ಜಾಗವೆಲ್ಲಿದೆ? ನಗಬೇಕಿತ್ತು. ಆದರೆ ಪೊಟ್ಟಣ ಹರಿದಾಗ ಬಂದ ಹುರಿದ ರಾಗಿಯ ವಾಸನೆಗೆ ಮೈಯೆಲ್ಲ ಉರಿಯಿತು. ಶರಣಪ್ಪ ನೆನಪಾದ.

ಪೀಣ್ಯದ ಒಂದು ಫೋರ್ಜಿಂಗ್ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಗುಮಾಸ್ತನಾಗಿದ್ದೆ. ಫ್ಯಾನಿನ ಕೆಳಗೆ ಕುರ್ಚಿ ಬಿಸಿ ಮಾಡುವುದೇ ನನ್ನ ದೇಹಶ್ರಮ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುತ್ತಾರೆ. ನಾನು ಹಿಟ್ಟು ತಿಂದು ಒಂದು ಫೈಲನ್ನೂ ಕಿತ್ತಿಟ್ಟವನಲ್ಲ. ಬೆಟ್ಟ ಕಿತ್ತಿಡುತ್ತಿದ್ದವನು ಶರಣಪ್ಪ. ಕೊಪ್ಪಳದ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆ ರೂಮು. ಕೆಂಪಗೆ ಕಾದ ಕಬ್ಬಿಣದ ತುಂಡನ್ನು ಇಕ್ಕಳದಲ್ಲಿ ಕುಲುಮೆಯಿಂದ ಎಳೆದು, ಯಂತ್ರದ ಸುತ್ತಿಗೆಯ ಕೆಳಗೆ ಹಿಡಿದು ತಿರುಗಿಸುವ ಕೆಲಸ ಅವನದು. ಜೋಳದ ರೊಟ್ಟಿಯ ಮನುಷ್ಯ. ಮೊದಮೊದಲು ಮುದ್ದೆ ಕಂಡರೆ ಮುಖ ಸಿಂಡರಿಸುತ್ತಿದ್ದ. ಆಮೇಲೆ ಅಗಿಯದೆ ನುಂಗುವುದನ್ನು ಕಲಿತು ನಮ್ಮನ್ನೇ ಮೀರಿಸಿದ.

ನಮ್ಮ ಕ್ಯಾಂಟೀನಿನಲ್ಲಿ ಒಂದು ಪದ್ಧತಿಯಿತ್ತು. ಕುಲುಮೆಯವರು ಸಾಲಿನಲ್ಲಿ ನಿಲ್ಲುವಂತಿಲ್ಲ. ಮೊದಲ ಪಂಕ್ತಿ ಅವರದು, ಸಾಕು ಅನ್ನುವವರೆಗೂ ಬಡಿಸಬೇಕು. ಅಡುಗೆಯ ಗೌರಮ್ಮ, ಮಾಕಳಿಯವಳು, ಅವರಿಗೆಂದೇ ದೊಡ್ಡ ಮುದ್ದೆ ಕಟ್ಟುತ್ತಿದ್ದಳು. ಇದರಲ್ಲಿ ದಾನಧರ್ಮವೇನಿಲ್ಲ ನೋಡಿ. ಹೊಲದಲ್ಲಿ ರಾಗಿ ಬಿಸಿಲು ಉಣ್ಣುತ್ತದೆ, ಮನುಷ್ಯ ರಾಗಿ ಉಣ್ಣುತ್ತಾನೆ, ಆ ಬಿಸಿಲೇ ರಟ್ಟೆಗಿಳಿದು ಇಕ್ಕಳ ಎತ್ತುತ್ತದೆ. ಉಣ್ಣದೆ ಎತ್ತು ಅಂದರೆ ಎಲ್ಲಿಂದ ಎತ್ತಬೇಕು?

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದ. ನೌಕರರ ಆರೋಗ್ಯದ ಬಗ್ಗೆ ವಿಪರೀತ ಕಾಳಜಿ. ಗುಳಿಗಳಿರುವ ಸ್ಟೀಲ್ ತಟ್ಟೆ ತರಿಸಿ, ನನಗೂ ಶರಣಪ್ಪನಿಗೂ ಒಂದೇ ಅಳತೆ ಎಂದ. ಸಮಾನತೆಯಂತೆ! ಗೌರಮ್ಮನ ಮುದ್ದೆ ಗುಳಿಯಲ್ಲಿ ಕೂರಲಿಲ್ಲ. ತಟ್ಟೆ ಬದಲಾಯಿಸುವುದು ಬಿಟ್ಟು ಮುದ್ದೆಯನ್ನೇ ಚಿಕ್ಕದು ಮಾಡಿಸಿದ.

"ಇದು ಕೂಸಿಗೆ ಕಟ್ಟೋ ಮುದ್ದೆ ಸಾರ್. ಬೆಂಕಿ ಮುಂದೆ ನಿಲ್ಲೋರ್ಗೆ ಇಂಗೆ ಕೊಟ್ರೆ ಆಯ್ತದಾ?" ಎಂದು ಗೌರಮ್ಮ ಕೇಳಿದಳು.

"ಜಾಸ್ತಿ ತಿಂದ್ರೆ ನಿದ್ದೆ ಬರುತ್ತಮ್ಮ," ಎಂದ ಮಹಾನುಭಾವ.

ಕುಲುಮೆ ಉರಿಸುವ ಎಣ್ಣೆಯಲ್ಲಿ ಮಾತ್ರ ಒಂದು ಹನಿ ಕಡಿಮೆ ಮಾಡಲಿಲ್ಲ. ಎಣ್ಣೆ ಇಳಿದರೆ ಕಬ್ಬಿಣ ಕಾಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಶರಣಪ್ಪ ಇನ್ನೊಂದು ಮುದ್ದೆ ಕೇಳಿದ. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರಿಂದ ಗೌರಮ್ಮ ತಲೆ ತಗ್ಗಿಸಿದಳು. "ಇರ್ಲಿ ಬಿಡ್ರಿ ಅಕ್ಕಾರ, ನೀರ ಕುಡೀತೀನಿ," ಎಂದು ಎದ್ದುಹೋದ. ಅದೇ ವಾರ ಇಕ್ಕಳದ ಮೇಲಿನ ಅವನ ಹಿಡಿತ ಸಡಿಲಾಗಿ, ಕೆಂಡದಂಥ ತುಂಡು ಅವನ ಕಾಲ ಪಕ್ಕದಲ್ಲೇ ಬಿತ್ತು. ಕಾಲು ಉಳಿಯಿತು, ಕೆಲಸ ಉಳಿಯಲಿಲ್ಲ. "ಇವನಲ್ಲಿ ತಾಕತ್ತೇ ಇಲ್ಲ," ಎಂದು ಮ್ಯಾನೇಜರ್ ಅವನನ್ನು ಮನೆಗೆ ಕಳಿಸಿದ. ತಟ್ಟೆಯಿಂದ ತಾಕತ್ತು ಕಿತ್ತುಕೊಂಡವನೇ ಹಾಗಂದ! ಶರಣಪ್ಪ ಎಲ್ಲಿ ಹೋದನೋ ತಿಳಿಯದು. ನನ್ನ ಸಿಟ್ಟು ಇಂದಿಗೂ ಆರಿಲ್ಲ.

ಇದನ್ನೇ ಮೆಲುಕು ಹಾಕುತ್ತ ಮಾದನಾಯಕನಹಳ್ಳಿಯ ಮನೆಗೆ ಬಂದೆ. ಹಿತ್ತಿಲಲ್ಲಿ ಹಳೆಯ ಬಚ್ಚಲ ಗೋಡೆ ಒಡೆಯಲು ರಾಯಚೂರಿನ ಕಡೆಯ ಇಬ್ಬರು ಬಂದಿದ್ದರು. ಮಧ್ಯಾಹ್ನದ ಊಟ ನಮ್ಮಲ್ಲೇ.

"ಆಳಿಗೆ ಒಂದೊಂದು ಮುದ್ದೆ ಮಾಡಿದ್ರೆ ಸಾಕಲ್ವೇನ್ರೀ?" ಎಂದಳು ಹೆಂಡತಿ.

"ನನ್ನನ್ಯಾಕೆ ಕೇಳ್ತೀಯ? ಹೊಟ್ಟೆ ಅವರ್ದು, ಅವರನ್ನೇ ಕೇಳು!"

ನನ್ನ ಕೂಗಿಗೆ ಅವಳು ಬೆಚ್ಚಿದಳು. ಆದರೂ ಹಿತ್ತಿಲ ಬಾಗಿಲಿಗೆ ಹೋಗಿ ಕೇಳಿದಳು. ಸುತ್ತಿಗೆಯ ಸದ್ದು ನಿಂತಿತು.

"ಎರಡೆರಡು ಮಾಡ್ರಿ ಅಕ್ಕಾರ. ಇನ್ನಾ ಭಾಳ ಗ್ವಾಡಿ ಐತಿ."

ನಾನೇ ಎದ್ದು ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟೆ.