ಒಂದೊಂದೇ ತಂತಿ ಬಿಚ್ಚಿದವರು

ದೋಣಿ ಕಟ್ಟುವ ನಮ್ಮ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಎಲೆಕ್ಟ್ರಿಷಿಯನ್ನರು, ನೀರಿಗಿಳಿದ ಲೋಹಕ್ಕೂ ಕರೆಂಟಿಗೂ ಇರುವ ಹಗೆಯನ್ನು ಬಲ್ಲ ಕೆಲವೇ ಮಂದಿಯಲ್ಲಿ ಅಗ್ರಗಣ್ಯರು. ನಾವೆಲ್ಲ ಅವರನ್ನು ಕರೆಯುವುದು ‘ಒಂದೊಂದೇ ಅಣ್ಣ’ ಎಂದು. ಅವರ ತಾಳ್ಮೆಯನ್ನು ಈ ಅಭಿನಂದನಾ ಸಂಪುಟದಲ್ಲಿ ಎಲ್ಲರೂ ಹೊಗಳಿರುತ್ತಾರೆ. ಆ ತಾಳ್ಮೆಯ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನ ಸಂಕಟವನ್ನೂ ಯಾರಾದರೂ ಬರೆಯಬೇಕಲ್ಲ, ಅದಕ್ಕೆ ನಾನಿದ್ದೇನೆ.

ನಾನು ಪ್ರೊಪೆಲ್ಲರ್ ಕೂರಿಸುವ ಫಿಟ್ಟರ್. ಕೆಲಸಕ್ಕೆ ಸೇರಿದ ಮೊದಲ ವಾರ, ಒಂದು ದೀಪ ಯಾಕೆ ಉರಿಯುತ್ತಿಲ್ಲವೆಂದು ಹುಡುಕಲು ಅವರು ನನ್ನಿಂದ ಅರ್ಧ ದಿನ ಟಾರ್ಚ್ ಹಿಡಿಸಿದರು. ಕೊನೆಗೆ ಹೋಗಿದ್ದದ್ದು ಬಲ್ಬು! ಹಾಗೆಂದು ಅವರ ಉಪಕಾರ ಮರೆತವನಲ್ಲ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನವೂ ಸಂಜೆ ತಮ್ಮ ಸ್ಕೂಟರಿನಲ್ಲಿ ನನ್ನನ್ನು ಅಲ್ಲಿಗೆ ಬಿಟ್ಟವರು ಅವರೇ. ಆ ಸ್ಕೂಟರನ್ನೂ ನಡಿಗೆಯ ವೇಗದಲ್ಲೇ ಓಡಿಸುತ್ತಿದ್ದರು ಎಂಬುದು ಬೇರೆ ಮಾತು.

ಐದು ವರ್ಷದ ಹಿಂದೆ, ನಾವೇ ಕಟ್ಟಿಕೊಟ್ಟ ಪ್ರಯಾಣಿಕರ ದೋಣಿಯೊಂದರ ಪ್ರೊಪೆಲ್ಲರು ಹುಳುಕು ಹಲ್ಲಿನಂತೆ ತೂತುಬೀಳತೊಡಗಿತು. ತಾನು ಸವೆದು ಅದನ್ನು ಕಾಯಲೆಂದು ಕೂರಿಸಿದ, ವರ್ಷ ಬಾಳಬೇಕಾದ ಸತುವಿನ ಗಟ್ಟಿ ಮೂರೇ ವಾರದಲ್ಲಿ ಕರಗಿಹೋಗಿತ್ತು. ಎಲ್ಲಿಂದಲೋ ಕರೆಂಟು ನೀರಿಗೆ ಸೋರುತ್ತಿದೆ ಎಂದು ಅಣ್ಣ ಹೇಳಿದರು. ದೋಣಿಯ ಮಾಲೀಕರು ಮಾತ್ರ ನನ್ನ ಫಿಟ್ಟಿಂಗೇ ಸರಿಯಿಲ್ಲವೆಂದು ಪಟ್ಟು ಹಿಡಿದರು. ಶನಿವಾರದೊಳಗೆ ಬೇರೆ ಕಾರಣ ತೋರಿಸದಿದ್ದರೆ ನನ್ನನ್ನು ಕೆಲಸದಿಂದ ತೆಗೆಯುವುದೆಂದು ಮ್ಯಾನೇಜರು ತೀರ್ಮಾನಿಸಿಬಿಟ್ಟರು.

ಅಣ್ಣ ಸೋಮವಾರ ಶುರುಮಾಡಿದರು. ಮೀಟರಿನ ಒಂದು ತುದಿಯನ್ನು ನೀರಿಗೆ ಇಳಿಬಿಟ್ಟು, ಇನ್ನೊಂದನ್ನು ಪ್ರೊಪೆಲ್ಲರಿನ ಶಾಫ್ಟಿಗೆ ಸಿಕ್ಕಿಸಿದರು. ಆಮೇಲೆ ದೋಣಿಯ ಮೂತಿಯಿಂದ ಸಾಲಾಗಿ ಒಂದು ತಂತಿ ಬಿಚ್ಚುವುದು, ಮೀಟರ್ ನೋಡುವುದು, ಪುಸ್ತಕದಲ್ಲಿ ಬರೆಯುವುದು, ಅದನ್ನು ಮತ್ತೆ ಜೋಡಿಸಿಯೇ ಮುಂದಿನದಕ್ಕೆ ಕೈಹಾಕುವುದು. ಗುರುವಾರದವರೆಗೂ ಇದೇ! ನನ್ನ ಪಿತ್ತ ನೆತ್ತಿಗೇರಿತು.

“ಅಣ್ಣಾ, ಮೇನ್ ಸ್ವಿಚ್ಚೇ ಆಫ್ ಮಾಡಿದೀವಲ್ಲ! ಇನ್ನೆಲ್ಲಿಂದ ಬರುತ್ತೆ ಕರೆಂಟು? ಪಕ್ಕದ ದೋಣೀದೇ ಇರ್ಬೇಕು, ಹಾಗಂತ ಬರೆದ್ಬಿಡಿ.”

“ಬರೆಯೋಣ ಕಣೋ. ಮೊದ್ಲು ಇದೊಂದು ನೋಡ್ಬಿಡೋಣ.”

‘ಇದೊಂದು’ ಎಂಬ ಆ ಮಾತು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಶುಕ್ರವಾರ ಮಧ್ಯಾಹ್ನ, ದೋಣಿಯ ತಳದಲ್ಲಿ ನಿಂತ ನೀರೆತ್ತುವ ಪಂಪಿನ ತಂತಿ ಬಿಚ್ಚಿದೊಡನೆ ಮೀಟರಿನ ಅಂಕಿ ಜಿಗಿದು, ಇರಬೇಕಾದಲ್ಲಿಗೆ ಬಂದು ನಿಂತಿತು. ಕರೆಂಟು ಸೋರುತ್ತಿದ್ದದ್ದು ಅಲ್ಲೇ. ಆ ಪಂಪು ಯಾವಾಗಲೂ ಸಿದ್ಧವಿರಬೇಕೆಂದು ಅದನ್ನು ಮೇನ್ ಸ್ವಿಚ್ಚಿಗೆ ಸಿಗದಂತೆ ನೇರ ಬ್ಯಾಟರಿಗೇ ಜೋಡಿಸಿರುತ್ತಾರೆ. ತಂತಿಯ ಜೋಡಣೆ ಕೊಳಕು ನೀರಿನಲ್ಲಿ ಮುಳುಗಿತ್ತು. ಅದಕ್ಕಿದ್ದದ್ದು ಬರೀ ಟೇಪಿನ ಸುತ್ತು. ಸುತ್ತಿದವನು ನಾನೇ. ದೋಣಿ ಅಂದೇ ನೀರಿಗಿಳಿಯಬೇಕೆಂದು ಎಲೆಕ್ಟ್ರಿಷಿಯನ್ನರನ್ನು ಕಾಯದೆ ಸುತ್ತಿ, ಮರೆತೂಬಿಟ್ಟಿದ್ದೆ.

“ಅಣ್ಣಾ, ಇದು ನಾನೇ ಮಾಡಿದ್ದು. ನನ್ ಕೆಲ್ಸ ಹೋಯ್ತು.”

ಅವರು ಪುಸ್ತಕದ ಹಳೆಯ ಪುಟವೊಂದನ್ನು ತೆರೆದು ನನ್ನ ಮುಂದೆ ಹಿಡಿದರು. ‘ಪಂಪಿನ ಜೋಡಣೆ ಪರೀಕ್ಷಿಸಿದೆ’ ಎಂದಿತ್ತು. ಕೆಳಗೆ ಅವರದೇ ಸಹಿ.

“ಅವತ್ತು ನೀನು ಅವಸರ ಮಾಡ್ದೆ, ನಾನು ನೋಡದೇನೇ ಸಹಿ ಹಾಕ್ದೆ. ಇಷ್ಟು ವರ್ಷದಲ್ಲಿ ಅದೊಂದೇ ಸಲ. ನಡಿ, ಇಬ್ರೂ ಹೋಗಿ ಹೇಳೋಣ.”

ಹೇಳಿದೆವು. ಮ್ಯಾನೇಜರು ಇಬ್ಬರಿಗೂ ಚೆನ್ನಾಗಿ ಉಗಿದರು. ಅಣ್ಣನನ್ನು ತೆಗೆಯುವ ಧೈರ್ಯ ಅವರಿಗಿರಲಿಲ್ಲವಾದ್ದರಿಂದ ನಾನೂ ಉಳಿದುಕೊಂಡೆ. ಅಣ್ಣನವರ ಸೇವಾ ಕಡತದಲ್ಲಿರುವ ಏಕೈಕ ಎಚ್ಚರಿಕೆಯ ಪತ್ರ ನನ್ನ ದೆಸೆಯಿಂದ ಬಂದದ್ದೆಂಬುದನ್ನು ಈ ಸಂಪುಟದಲ್ಲಿ ದಾಖಲಿಸದಿದ್ದರೆ ನನಗೆ ಸಮಾಧಾನವಿಲ್ಲ.

ಅವರ ಕೈಯಿಂದ ಮೀಟರು ಇಳಿಯದಿರಲಿ, ಕಣ್ಣು ಮಂಜಾಗದಿರಲಿ. ಮುಂದಿನ ವರ್ಷಗಳು ಅವರಿಗೆ ಒಂದೊಂದಾಗಿ, ನಿಧಾನವಾಗಿ ಬರಲಿ. ಈ ಸಲ ನಾನು ಅವಸರ ಮಾಡುವುದಿಲ್ಲ.