ಪ್ಯಾನೆಲ್ ಮೇಲಿನ ಶಾವಿಗೆ

ಡೀಸೆಲ್ ಇಂಜಿನ್ನಿನ ಸದ್ದು ಕೇಳಿದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೇಲವಂಕಿಯ ನಮ್ಮ ತೋಟದ ಮನೆಗೂ ಬಾವಿಗೂ ನಡುವೆ ಇರುವುದು ಒಂದು ಬೇವಿನ ಮರ ಮಾತ್ರ. ಇಂಜಿನ್ ಶುರುವಾದರೆ ಹೊಗೆ ಸೀದಾ ಅಡುಗೆಮನೆಗೆ. ಅವ್ವನಿಗೆ ಉಬ್ಬಸ. ರೊಟ್ಟಿ ಬಡಿಯುತ್ತ ಕೂತವಳು ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. ಮೊದಲು ಹೊಗೆ ತಪ್ಪಿಸಿ ಎಂದು ಗೋಕಾಕದ ಡಾಕ್ಟರು ಬೈದು ಕಳಿಸಿದ ಮೇಲೆ, ಅಪ್ಪನ ಬೆನ್ನು ಹತ್ತಿ ಸೋಲಾರ್ ಪಂಪು ಹಾಕಿಸಿದೆ.

ಅಪ್ಪನಿಗೆ ತಿಳಿಹೇಳುವಷ್ಟರಲ್ಲಿ ಸಾಕುಸಾಕಾಗಿ ಹೋಗಿತ್ತು.

‘ಡೀಸೆಲ್ ನೆಲದಾಗಿಂದ ತಗದಷ್ಟೂ ತೀರತೈತಿ. ಬಿಸಲು ತೀರೂದಿಲ್ಲಪಾ,’ ಎಂದೆ.

‘ನಿನ್ನ ಸೂರ್ಯ ಸಂಜಿಗೆ ಮನಿಗೆ ಹೋಗತಾನ. ಮಾಡ ಮುಸುಕಿ ಬಂದ್ರ ರಜಾ ಹಾಕತಾನ. ನನ್ನ ಇಂಜಿನ್ ಹಂಗಲ್ಲ, ಹ್ಯಾಂಡಲ್ ತಿರುವಿದರ ನೀರು!’

ಅವನ ಮಾತು ಸುಳ್ಳೇನಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು. ಕೊನೆಗೆ ಒಂದು ಷರತ್ತಿಗೆ ಒಪ್ಪಿದ: ಈ ಬೇಸಿಗೆಯಲ್ಲಿ ಹೊಸ ಕಬ್ಬಿಗೆ ಸೋಲಾರ್ ನೀರು ಸಾಕಾದರೆ ಇಂಜಿನ್ ಗುಜರಿಗೆ. ಇಲ್ಲವಾದರೆ ಅದು ಅಲ್ಲೇ ಇರುತ್ತದೆ.

ಒಂದಷ್ಟು ದಿನ ನೀರು ಚೆನ್ನಾಗಿಯೇ ಬಂತು. ಆಮೇಲೆ, ನೆತ್ತಿ ಸುಡುವ ಬಿಸಿಲಿನಲ್ಲೇ ಪಂಪು ಮುನಿಸಿಕೊಂಡಿತು. ಅಂಕಲಗಿಯ ನನ್ನ ಅಂಗಡಿಗೆ ಅಪ್ಪನ ಫೋನು: ‘ನಿನ್ನ ಸೂರ್ಯಾಗ ಏನಾಗೇತಿ? ಕಬ್ಬು ಬಾಡಾಕತ್ತೈತಿ. ಇಂಜಿನ್ ಹಚ್ಚೀನಿ.’ ಅವನ ದನಿಯ ಹಿಂದೆ ಅವ್ವನ ಕೆಮ್ಮು ಕೇಳುತ್ತಿತ್ತು. ಸಂಜೆ ಬಂದು ನೋಡಿದರೆ ಎಲ್ಲ ಸರಿ. ಪಂಪು ಕೂಡಿಸಿದ ಮೂಡಲಗಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ‘ಪ್ಯಾನೆಲ್ ಮ್ಯಾಲ ನೆರಳ ಬೀಳತೈತೇನ ನೋಡ್ರಿ ಸರ,’ ಎಂದ. ದನದ ಕೊಟ್ಟಿಗೆಯ ತಗಡಿನ ಮೇಲಿರುವ ಪ್ಯಾನೆಲ್ಲಿಗೆ ಎಲ್ಲಿಯ ನೆರಳು, ನಿನ್ನ ತಲೆ!

ಮರುದಿನ ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದೆ. ಬಾವಿಯ ಹತ್ತಿರ ಇಂಜಿನ್ ಬಡಿದುಕೊಳ್ಳುತ್ತಿತ್ತು. ಕೊಟ್ಟಿಗೆಯ ಹಿಂದೆ ಹೋಗಿ ತಲೆ ಎತ್ತಿದರೆ, ಪ್ಯಾನೆಲ್ಲಿನ ತುಂಬ ಅಪ್ಪನ ಬಿಳಿ ಧೋತರ, ಅದರ ಮೇಲೆ ಶಾವಿಗೆ! ಅವ್ವ ಗೋಡೆಗೆ ಹತ್ತಿದ ಕಟ್ಟೆಯ ಮೇಲೆ ನಿಂತು ಎಳೆ ಬಿಡಿಸುತ್ತಿದ್ದಳು.

‘ಯವ್ವಾ! ಏನ್ ಮಾಡಾಕತ್ತಿ?’

‘ಹತ್ತರಗಿಗೆ ನಿಮ್ಮಕ್ಕಗ ಕಳಸಾಕ. ಅಂಗಳದಾಗ ಧೂಳು, ಇಂಜಿನ್ ಹೊಗಿ ಬ್ಯಾರೆ. ಇದು ಸ್ವಚ್ಛ ಐತಿ, ಲಗೂನ ಒಣಗತಾವ. ಬಿಸಲು ತೀರೂದಿಲ್ಲ ಅಂತ ನೀನ ಹೇಳಿದ್ದೆಲ್ಲ. ಒಂದೀಟ ನಾ ತಗೊಂಡ್ರ ಏನಾತು?’

ಹಣೆ ಹಣೆ ಬಡಿದುಕೊಂಡೆ. ಈ ಶಾವಿಗೆಯಿಂದಲೇ ಪಂಪು ನಿಂತಿದೆ, ಪಂಪು ನಿಂತಿದ್ದಕ್ಕೇ ಇಂಜಿನ್ ಹಚ್ಚಿದ್ದಾರೆ, ಅದರ ಹೊಗೆ ನಿನ್ನ ಎದೆಗೇ ಹೋಗುತ್ತಿದೆ ಎಂದು ಕೂಗಾಡಿದೆ. ಏನೋ ಹೇಳಲು ಬಾಯಿ ತೆರೆದಳು, ಕೆಮ್ಮು ಒತ್ತಿ ಬಂತು. ಉಸಿರು ಸಿಗದೆ ಕಟ್ಟೆಯ ಮೇಲೇ ಕುಸಿದು ಕೂತಳು.

ನನ್ನ ಕೂಗು ಕೇಳಿ ಬಂದ ಅಪ್ಪ ಪ್ಯಾನೆಲ್ ನೋಡಿದ, ಅವ್ವನನ್ನು ನೋಡಿದ. ಈಗ ನನ್ನ ಸೋಲಾರನ್ನು ಆಡಿಕೊಳ್ಳುತ್ತಾನೆ ಅಂದುಕೊಂಡೆ. ಅವನು ಹೋಗಿ ಇಂಜಿನ್ ನಿಲ್ಲಿಸಿದ. ಹೊಗೆ ಕರಗಿ ಅವ್ವನ ಉಸಿರು ಹದಕ್ಕೆ ಬಂತು. ಮರಳಿ ಬಂದು, ಧೋತರದ ಮೂಲೆ ಹಿಡಿದು, ಒಂದು ಎಳೆಯೂ ಮುರಿಯದಂತೆ ಶಾವಿಗೆ ಇಳಿಸಿ ಹಗ್ಗದ ಹೊರಸಿನ ಮೇಲೆ ಹರವಿದ. ಅಷ್ಟರಲ್ಲಿ ಪೈಪಿನಿಂದ ನೀರು ಧುಮುಕಿತು.

ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಇಂಜಿನ್ನಿನ ಹ್ಯಾಂಡಲ್ಲನ್ನು ಅಪ್ಪ ನನ್ನ ಕೈಗೆ ಕೊಟ್ಟ.

‘ಗುಜರಿಯವಗ ಮದಲ ಇದನ್ನ ಕೊಡು. ಕೈಗೆ ಸಿಕ್ರ ನಾ ಮತ್ತ ತಿರುವತೀನಿ.’