ಕಣದಮನೆಯ ನೀರು

ಜಕ್ಕೂರು ಕೆರೆಯ ಹಿಂಬದಿಯಲ್ಲಿದ್ದ ನಮ್ಮ ಪುಟ್ಟ ಊರಿನಲ್ಲಿ ಕಣದಮನೆ ಅಲ್ಲದ್ದು ಏನಾದರೂ ಇತ್ತೇ ಎಂದು ಈಗಲೂ ಯೋಚಿಸುತ್ತೇನೆ. ಯಾವ ಕಾಲದಲ್ಲೋ ನಮ್ಮ ಹಿರೀಕನೊಬ್ಬ ರಾಗಿ ಒಕ್ಕುವ ಕಣದ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡನಂತೆ. ಅಂದಿನಿಂದ ಅವನ ಸಂತಾನಕ್ಕೆಲ್ಲ ಕಣದಮನೆಯವರು ಎಂದೇ ಹೆಸರು. ಸಂತಾನಕ್ಕೆ ಅಂಟಿದರೆ ಸರಿ, ಅದು ಬಾವಿಗೂ ಅಂಟಿತು, ಹುಣಸೆಮರಕ್ಕೂ ಅಂಟಿತು, ನಾವು ಓಡಾಡುವ ಓಣಿಗೂ ಅಂಟಿತು. ನಮ್ಮ ಎಮ್ಮೆ ಯಾರದಾದರೂ ಹೊಲಕ್ಕೆ ನುಗ್ಗಿದರೆ "ಕಣದಮನೆಯೋರು ಬಂದ್ರು, ಓಡ್ಸಿ" ಎಂದು ಕೂಗುತ್ತಿದ್ದರು. ಎಮ್ಮೆಯನ್ನೂ ನಮ್ಮನ್ನೂ ಬೇರೆ ಮಾಡಿ ನೋಡುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಮನೆಯ ಚೊಂಬು, ಬಿಂದಿಗೆ, ಕೊಳದಪ್ಪಲೆಗಳ ಮೇಲೂ ಅದೇ ಹೆಸರನ್ನು ಕೊರೆಸಿದ್ದರು.

ಈ ಹೆಸರಿನಿಂದ ಒಂದು ಕಾಸಿನ ಲಾಭ ಆದದ್ದನ್ನು ನಾನು ಕಂಡಿಲ್ಲ. ಆದರೆ ಹೆಸರು ಹೊತ್ತವರು ಯಾರೇ ಸತ್ತರೂ ಸೂತಕ ಮಾತ್ರ ಎಲ್ಲರಿಗೂ ಬರುತ್ತಿತ್ತು. ಮುಖ ನೋಡಿರಲಿ ಬಿಡಲಿ, ಹನ್ನೊಂದು ದಿನ ನಮ್ಮ ಮನೆಯಲ್ಲಿ ದೀಪ ಹಚ್ಚುವಂತಿಲ್ಲ, ಹೂ ಮುಡಿಯುವಂತಿಲ್ಲ, ಬೇರೆಯವರ ಹೊಸಿಲು ದಾಟುವಂತಿಲ್ಲ, ಶುಭಕಾರ್ಯದ ಮಾತೇ ಇಲ್ಲ. ಇನ್ನೂ ಒಂದು ಪದ್ಧತಿ ಇತ್ತು. ಸಾವಿನ ಸುದ್ದಿ ತಂದವನು ಹೆಸರಿನವರ ಮನೆಯಲ್ಲಿ ಅದನ್ನು ಹೇಳುವ ತನಕ ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಸುದ್ದಿ ಕಿವಿಗೆ ಬೀಳದಿದ್ದರೆ ಸೂತಕವೂ ಇಲ್ಲ; ಬಿತ್ತೋ, ಅಲ್ಲಿಗೆ ಮುಗಿಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕನ ಮದುವೆ ಗೊತ್ತಾಯಿತು. ನಾನು ಆಗ ಯಲಹಂಕದಲ್ಲಿ ಪಿಯುಸಿ ಓದುತ್ತಿದ್ದೆ. ಅಕ್ಕನಿಗೆ ಅದಕ್ಕೂ ಮೊದಲು ಎರಡು ಸಂಬಂಧ ಬಂದು ಮುರಿದಿದ್ದವು. ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ ಅವಳನ್ನು ಕಂಡರೆ ಮಾತು ನಿಲ್ಲಿಸುವಷ್ಟು ದೂರ ವಿಷಯ ಹೋಗಿತ್ತು. ಈ ಸಲದ ಗಂಡು ಹೆಬ್ಬಾಳದ ಕಡೆಯವನು, ಕಾರ್ಖಾನೆಯಲ್ಲಿ ಫಿಟ್ಟರ್. ಹೆಣ್ಣು ನೋಡಲು ಬಂದ ದಿನ ಅವನು ಅಕ್ಕನನ್ನು ಏನೋ ಕೇಳಿದ. ಅವಳು ಉತ್ತರ ಕೊಡುವಾಗಲೇ ತಲೆಯ ಮೇಲೆ ಜಕ್ಕೂರಿನ ವಿಮಾನ ಕಲಿಸುವ ಶಾಲೆಯ ಪುಟ್ಟ ವಿಮಾನವೊಂದು ಹಾರಿತು. ನಮಗದು ದಿನನಿತ್ಯದ ಗಲಾಟೆ, ಯಾರೂ ತಲೆ ಎತ್ತುತ್ತಿರಲಿಲ್ಲ. ಅವನು ಸದ್ದು ಅಡಗುವ ತನಕ ಕಾದು, "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ" ಎಂದ. ಅಕ್ಕ ಏನು ಹೇಳಿದಳೋ ನೆನಪಿಲ್ಲ. ಆದರೆ ರಾತ್ರಿ ಚಾಪೆಯ ಮೇಲೆ ಪಕ್ಕಕ್ಕೆ ತಿರುಗಿ, "ಕೇಳಿಸ್ಲಿಲ್ಲ ಅಂತ ಯಾರೇ ಕೇಳ್ತಾರೆ ನಮ್ಮೂರಲ್ಲಿ?" ಎಂದು ನಕ್ಕಳು. ಅವಳಿಗೆ ಅವನು ಹಿಡಿಸಿದ್ದ. ನನಗೂ ಹಿಡಿಸಿದ್ದ.

ಜ್ಯೇಷ್ಠದ ಕೊನೆಯ ಮುಹೂರ್ತಕ್ಕೆ ದಿನ ಇಟ್ಟರು. ಅದು ತಪ್ಪಿದರೆ ಆಷಾಢ. ಗಂಡಿನ ಕಡೆಯವರು ಬಿಗಿಯಾದ ಜನ, ಶಕುನ ನೋಡುವವರು. ಎರಡು ಸಲ ಮುರಿದ ಹುಡುಗಿ ಎಂಬುದನ್ನು ನುಂಗಿಕೊಂಡು ಒಪ್ಪಿದ್ದರು. ಇನ್ನೊಂದು ತೊಡಕು ಬಂದರೆ ಅವರು ನಿಲ್ಲುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಮಲಗಿಬಿಟ್ಟರು. ಅವರೂ ಕಣದಮನೆಯವರೇ. ಮಕ್ಕಳಿಲ್ಲದ ವಿಧವೆ, ಅಪ್ಪ ದೊಡ್ಡವ್ವ ಎನ್ನುತ್ತಿದ್ದರೂ ಸಂಬಂಧ ಎಷ್ಟು ತಲೆಮಾರು ಹಿಂದಿನದೋ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ನಮಗೂ ಒಂದೇ ಉದ್ದನೆಯ ಜಗಲಿ, ನಡುವೆ ಒಂದು ಗೋಡೆ. ಡಾಕ್ಟರು ಬಂದು ನೋಡಿ, ವಯಸ್ಸಾಗಿದೆ, ಹೇಳುವುದಕ್ಕಾಗುವುದಿಲ್ಲ ಎಂದು ಕೈ ತೊಳೆದುಕೊಂಡು ಹೋದರು.

ಅಂದಿನಿಂದ ನಮ್ಮ ಮನೆಯಲ್ಲಿ ಮದುವೆಯ ಕೆಲಸಕ್ಕಿಂತ ಅಜ್ಜಿಯ ಕೆಲಸವೇ ಹೆಚ್ಚಾಯಿತು. ಅವ್ವ ಹೊತ್ತುಹೊತ್ತಿಗೆ ಗಂಜಿ ಕಾಯಿಸಿ ಕುಡಿಸಿದಳು, ಕೋಳಿ ಸಾರು ಮಾಡಿ ಕುಡಿಸಿದಳು. ಅಪ್ಪ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ "ದೊಡ್ಡವ್ವ ಎಂಗವ್ಳೆ?" ಎನ್ನುತ್ತಿದ್ದ, ಆಮೇಲೆಯೇ ಎಮ್ಮೆ, ಆಮೇಲೆ ನಾವು. ಅಜ್ಜಿ ಪೆದ್ದಿಯಲ್ಲ. ಒಂದು ದಿನ ನಾನು ಸಾರು ತೆಗೆದುಕೊಂಡು ಹೋದಾಗ ಬೊಚ್ಚು ಬಾಯಿ ಅಗಲಿಸಿ, "ಏನೇ, ಈ ಮನೆಯೋರ್ಗೆ ನನ್ ಮ್ಯಾಲೆ ಇಂಗೆ ಪ್ರೀತಿ ಉಕ್ತಾ ಐತೆ? ಇರ್ಲಿ ಬಿಡು, ತಾಳಿ ಕಟ್ಟೋ ಗಂಟ ಉಸ್ರು ಇಡ್ಕಂಡಿರ್ತೀನಿ ಅಂತ ನಿಮ್ಮಪ್ಪಂಗೇಳು" ಎಂದರು. ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ಸಾರಿನ ಬಟ್ಟಲನ್ನು ಪೂರ್ತಿ ಖಾಲಿ ಮಾಡಿಸಿಯೇ ಬಂದೆ.

ಅಜ್ಜಿ ಮಾತು ಉಳಿಸಿಕೊಂಡರು. ಮದುವೆಯ ಹಿಂದಿನ ದಿನದ ಹೊತ್ತಿಗೆ ಎದ್ದು ಕೂತರು. ಮಧ್ಯಾಹ್ನ ತಾವೇ ಗೋಡೆ ಹಿಡಿದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಕುಟ್ಟತೊಡಗಿದರು. ಕಣದಲ್ಲಿ ಚಪ್ಪರ ಎದ್ದಿತ್ತು. ಅಕ್ಕನ ಮುಖ ಕೈಗೆಲ್ಲ ಅರಿಶಿನ. ಅವ್ವ ಒಳಗೂ ಹೊರಗೂ ಓಡಾಡುತ್ತಾ ಅಜ್ಜಿಯನ್ನು ಕಂಡಾಗಲೆಲ್ಲ ತಾನೇ ಗೆದ್ದವಳ ಹಾಗೆ ನಗುತ್ತಿದ್ದಳು. ನಾವು ಕಾಯಬೇಕಾದ ಜೀವವನ್ನು ಕಾದಿದ್ದೆವು.

ಆಗ ಕೆರೆ ಏರಿಯ ಕಡೆಯಿಂದ ಒಬ್ಬಾತ ಸೈಕಲ್ ತಳ್ಳಿಕೊಂಡು ಬಂದ. ನಡುವಯಸ್ಸಿನವನು, ಶರಟೆಲ್ಲ ಬೆವರಿನಲ್ಲಿ ನೆನೆದಿತ್ತು. ಚಪ್ಪರ ಕಂಡದ್ದೇ ಅಲ್ಲೇ ನಿಂತುಬಿಟ್ಟ. ಅಪ್ಪ ಎದ್ದು ಹೋಗಿ ಯಾರು ಎಂದು ಕೇಳಿದ. "ಮಾಕಳಿಯಿಂದ ಬಂದೆ. ನಾವೂ ಕಣದ್ಮನೆಯೋರೆ" ಎಂದ. ಮಾಕಳಿಯಲ್ಲಿ ನಮ್ಮದೊಂದು ಕವಲು ಇದೆ ಎಂದು ಅಪ್ಪ ಕೇಳಿದ್ದ. ಹೋಗಿಬರುವುದು ತಾತನ ಕಾಲಕ್ಕೇ ನಿಂತಿತ್ತು. ಮದುವೆಗೆ ಕರೆದೂ ಇರಲಿಲ್ಲ. ಅಪ್ಪ ಆ ಮುಜುಗರಕ್ಕೆ ಅವನ ಕೈ ಹಿಡಿದು, "ಬನ್ನಿ ಬನ್ನಿ, ಸಮಯಕ್ ಸರ್ಯಾಗ್ ಬಂದ್ರಿ, ನಾಳೆ ಮಗಳ ಮದ್ವೆ" ಎಂದು ಜಗಲಿಗೆ ಎಳೆದು ತಂದ.

"ಇಲ್ಲ ಇಲ್ಲ, ಇಲ್ಲೇ ಯಲಹಂಕ್ದಲ್ಲಿ ಕೆಲ್ಸ ಇತ್ತು. ಇಂಗೇ ಒಂದ್ಸಲ ನೋಡ್ಕಂಡು ಓಗಾನ ಅಂತ" ಎಂದ ಅವನು. ಅಕ್ಕನ ಅರಿಶಿನದ ಕೈಯನ್ನು ಒಮ್ಮೆ ನೋಡಿ ನೆಲ ನೋಡಿದ. ಅಷ್ಟು ಕೆಟ್ಟದಾಗಿ ಸುಳ್ಳು ಹೇಳುವ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಆದರೂ ಸುಳ್ಳು ಹೇಳಿದ. ಪುಣ್ಯಾತ್ಮ, ನಮಗಾಗಿ ಹೇಳಿದ.

ಅಕ್ಕ ಒಳಗೆ ಹೋಗಿ ಚೊಂಬಿನಲ್ಲಿ ಮಜ್ಜಿಗೆ ತಂದಳು. ಮದುವೆಗೆಂದು ಹೊಸದಾಗಿ ಕೊಂಡು, ಕಣದಮನೆ ಎಂದು ಕೊರೆಸಿದ್ದ ಹಿತ್ತಾಳೆ ಚೊಂಬು. "ಬಿಸಿಲಲ್ಲಿ ಬಂದಿದೀರ, ಕುಡೀರಿ" ಎಂದಳು. ಅವನು ಎರಡೂ ಕೈ ಹಿಂದಕ್ಕೆ ಎಳೆದುಕೊಂಡ.

"ಬ್ಯಾಡ ತಾಯಿ. ಬಾಯಾರ್ಕೆ ಇಲ್ಲ."

ಅವನ ತುಟಿ ಒಡೆದು ಬೆಳ್ಳಗಾಗಿತ್ತು. ಅವಳು ಮತ್ತೆ ಚೊಂಬು ಮುಂದೆ ಹಿಡಿದಳು. ಅವನು ಮತ್ತೆ ತಲೆ ಅಲ್ಲಾಡಿಸಿದ. ಹೇಳಬಾರದೆಂದು ನಾಲಿಗೆ ಕಟ್ಟಿಕೊಂಡವನಿಗೆ ಕುಡಿಯುವ ಧೈರ್ಯ ಬರಲಿಲ್ಲ. ಕುಡಿದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ವರ್ಷ ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆ. ಆದರೆ ಅವನ ಜಾಗದಲ್ಲಿ ಅಪ್ಪನಿದ್ದರೂ ಕುಡಿಯುತ್ತಿರಲಿಲ್ಲ.

ಜಗಲಿಯ ಮೇಲೆ ಅಡಿಕೆ ಕುಟ್ಟುವ ಸದ್ದು ನಿಂತಿತು. ಅಜ್ಜಿ ತಲೆ ಎತ್ತಿ ಅವನನ್ನೇ ನೋಡುತ್ತಿದ್ದರು. ಅವರಿಗೆ ಮದುವೆ ಮರೆತುಹೋಯಿತೋ, ಅಥವಾ ಇಡೀ ಜೀವಮಾನದ ಅಭ್ಯಾಸ ಬಾಯಿಗೆ ಮುಂಚೆ ಬಂದಿತೋ ಗೊತ್ತಿಲ್ಲ. "ಕಣದ್ಮನೆಯೋನು, ಕಣದ್ಮನೇಲಿ ಮಜ್ಗೆ ಬ್ಯಾಡ ಅಂತಾವ್ನೆ. ಯಾರಪ್ಪ ತೀರ್ಕಂಡೋರು?" ಎಂದು ಕೇಳಿಯೇಬಿಟ್ಟರು.

ಅವ್ವ ಒಳಗಿನಿಂದ ಓಡಿಬಂದಳು, ಆದರೆ ಯಾರ ಬಾಯಿ ಮುಚ್ಚಬೇಕು? ಅವನು ಜಗಲಿಯಿಂದ ಇಳಿದು ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. "ನಮ್ ದೊಡ್ಡಪ್ಪ. ಬೆಳಗ್ಗೆ" ಎಂದ. ಅಷ್ಟೇ.

ಆಮೇಲೆ ಅಕ್ಕ ಕೆಳಗಿಳಿದು ಅವನ ಮುಂದೆ ಕುಳಿತು ಅದೇ ಚೊಂಬನ್ನು ಹಿಡಿದಳು. "ಹೇಳಾಯ್ತಲ್ಲ. ಈಗ ಕುಡೀಬೋದಲ್ಲ?" ಎಂದಳು. ಅವನು ಅಳುತ್ತಲೇ ಕುಡಿದ.

ಅಪ್ಪ ಜೋಯಿಸರ ಹತ್ತಿರ ಓಡಿದ. ಹೆಬ್ಬಾಳಕ್ಕೆ ನಮ್ಮ ಸೋದರಮಾವನನ್ನು ಕಳಿಸಿದ. ಕೇಳಿಸಿಕೊಂಡ ಮೇಲೆ ಏನೂ ಮಾಡುವಂತಿಲ್ಲ ಎಂದರು ಜೋಯಿಸರು. ಇನ್ನೊಂದು ಬೆಳಗು ಕಳೆದಿದ್ದರೆ ತಾಳಿ ಕಟ್ಟಿಸಿಕೊಂಡು ಅಕ್ಕ ಬೇರೆ ಮನೆತನದವಳಾಗುತ್ತಿದ್ದಳು, ಮಾಕಳಿಯ ಸಾವು ಅವಳನ್ನು ಸೋಕುತ್ತಲೂ ಇರಲಿಲ್ಲ. ಗಂಡಿನ ಕಡೆಯವರು ಮಾತಿಗೆ ಮಾತ್ರ ಆಷಾಢ ಕಳೆಯಲಿ ನೋಡೋಣ ಎಂದರು. ಶ್ರಾವಣದಲ್ಲಿ ಆ ಹುಡುಗನಿಗೆ ಅವನ ಸೋದರಮಾವನ ಮಗಳನ್ನು ತಂದುಕೊಂಡರು. ಅವನು ಏನಾದರೂ ಅಂದನೋ, ಅಂದದ್ದು ಯಾರಿಗೂ ಕೇಳಿಸಲಿಲ್ಲವೋ, ನಮಗೆ ತಿಳಿಯಲಿಲ್ಲ. ಚಪ್ಪರವನ್ನು ನಾವೇ ಬಿಚ್ಚಿದೆವು. ಯಾರನ್ನು ಬೈಯಬೇಕೆಂದೇ ತಿಳಿಯದೆ ನಾನು ಸತ್ತವನನ್ನು ಬೈದೆ. ಒಂದು ದಿನ ತಡೆದು ಸಾಯಲು ಏನಾಗಿತ್ತು ಅವನಿಗೆ!

ಅಜ್ಜಿ ಆಮೇಲೆ ಗಂಜಿ ಒಲ್ಲೆ ಎಂದು ಹಟ ಹಿಡಿದರು. "ನಾನ್ ಓಗ್ಬೇಕಿತ್ತು, ಬಾಯ್ ಇಟ್ಕಂಡು ಉಳ್ಕಂಡೆ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಅವ್ವ ಬೈದುಕೊಂಡೇ ಕುಡಿಸುತ್ತಿದ್ದಳು. ಅವ್ವನಿಗೆ ಸಾಕಾದಾಗ ಅಕ್ಕ ಹೋಗಿ ಕುಡಿಸುತ್ತಿದ್ದಳು. ಕೊನೆಕೊನೆಗೆ ಅಜ್ಜಿಯ ಕೆಲಸವೆಲ್ಲ ಅಕ್ಕನ ಪಾಲಿಗೇ ಬಂತು, ಏಕೆಂದರೆ ಅಕ್ಕ ಮನೆಯಲ್ಲೇ ಇದ್ದಳು. ಅವಳಿಗೆ ಸಂಬಂಧ ಬರುವುದು ನಿಂತಿತ್ತು.

ಎಂಬತ್ತರ ದಶಕ ಬಂದ ಮೇಲೆ ನನಗೆ ಯಶವಂತಪುರದಿಂದ ಗಂಡು ಬಂತು. ಹಿರಿಯವಳನ್ನು ಬಿಟ್ಟು ಕಿರಿಯವಳಿಗೆ ಮಾಡಲು ಅಪ್ಪನಿಗೆ ಮನಸ್ಸಿರಲಿಲ್ಲ. ಅಕ್ಕನೇ, "ನನಗೋಸ್ಕರ ಅವಳನ್ನೂ ಕೂರಿಸ್ಕೊಳ್ತೀರಾ?" ಎಂದು ಗದರಿ ಒಪ್ಪಿಸಿದಳು. ಪಾತ್ರೆ ತರಲು ಅಪ್ಪ ಪೇಟೆಗೆ ಹೊರಟರೆ, "ಹೊಸದು ಯಾಕೆ, ಇದಾವಲ್ಲ" ಎಂದು ಅಟ್ಟದಿಂದ ತನ್ನ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ನಾನು ಬೇಡ ಎಂದು ಅತ್ತೆ. ಅತ್ತರೂ ಅವೇ ನನ್ನ ಜೊತೆ ಬಂದವು.

ಮದುವೆಯಾಗಿ ಒಂದೆರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಒಬ್ಬಳೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಹೇಳದೆ ಕೇಳದೆ ಬರುವವಳಲ್ಲ. ಒಳಗೆ ಬಾ ಎಂದರೆ, "ಬಸ್ಸಿಗೆ ಹೊತ್ತಾಗುತ್ತೆ, ಇಲ್ಲೇ ಇರ್ತೀನಿ" ಎಂದು ಮೆಟ್ಟಿಲ ಮೇಲೆಯೇ ನಿಂತಳು. ಅಪ್ಪನೋ, ಅವ್ವನೋ? ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವಳ ಮುಂದೆ ಹಿಡಿದು ಅವಳ ಕೈಯನ್ನೇ ನೋಡುತ್ತಾ ನಿಂತೆ.

ಅಕ್ಕ ಚೊಂಬು ತೆಗೆದುಕೊಂಡಳು. ಗಟಗಟ ಪೂರ್ತಿ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ನನಗೆ ಹೋದ ಜೀವ ಬಂದ ಹಾಗಾಯಿತು. "ಅಬ್ಬಾ, ಹೆದರಿಸಿಬಿಟ್ಟೆ ಕಣೇ. ಎಲ್ಲ ಚೆನ್ನಾಗಿದಾರಾ?" ಎಂದೆ.

"ಅಜ್ಜಿ ಹೋದ್ರು. ಬೆಳಿಗ್ಗೆ ಗಂಜಿ ಕುಡಿಸ್ತಿದ್ದೆ, ನನ್ನ ಕೈಯಲ್ಲೇ ಹೋದ್ರು."

"ಮತ್ತೆ ನೀರು ಕುಡಿದೆಯಲ್ಲೇ?"

"ನೀನೀಗ ಕಣದಮನೆಯವಳಲ್ಲವಲ್ಲ" ಎಂದಳು ಅಕ್ಕ. "ನಿನಗೇನೂ ಇಲ್ಲ. ಸ್ನಾನ ಗೀನ ಮಾಡೋಕೆ ಹೋಗ್ಬೇಡ, ನಿಮ್ಮತ್ತೆ ಗೊಣಗ್ತಾರೆ. ನೋಡ್ಬೇಕು ಅನ್ಸಿದ್ರೆ ಬಾ. ಸೂತಕ ನಮಗೆ."

ಚೊಂಬನ್ನು ಹೊಸಿಲ ಆಚೆಗೇ ಇಟ್ಟು ಅವಳು ಬಸ್ ಸ್ಟಾಪಿನ ಕಡೆ ನಡೆದಳು. ಒಳಗೆ ಬಂದು ಒಂದು ಗಳಿಗೆ ಕೂತು ಹೋಗು ಎಂದು ಕೂಗಬೇಕೆನಿಸಿತು. ನಾನು ಕೂಗಿದ್ದರೂ ಅವಳು ಬರುವಂತಿರಲಿಲ್ಲ.